ಇದು ಯಾವ ನೈಟ್ರೇಟ್?

ನನ್ನ ಅಂತರ್ಜಲ ವರದಿಯ ಒಂಬತ್ತನೇ ಪುಟದ ಕೋಷ್ಟಕದಲ್ಲಿ ನೈಟ್ರೇಟ್ 15.5 ಎಂದು ಬರೆದಿದ್ದೆ. ಪಕ್ಕದಲ್ಲಿ ಮಿತಿ 45, ಅದರ ಪಕ್ಕದಲ್ಲಿ ಹಸಿರು ಬಣ್ಣದಲ್ಲಿ ‘ಸುರಕ್ಷಿತ’. ವರದಿಯನ್ನು ಪರಿಶೀಲಿಸುತ್ತಿದ್ದ ಮೇಡಂ ಅಲ್ಲಿಯವರೆಗೂ ಸರಸರನೆ ಪುಟ ತಿರುವುತ್ತಿದ್ದರು. ಆ ಪುಟದಲ್ಲಿ ನಿಂತು, ಪೆನ್ನಿನ ತುದಿಯನ್ನು 15.5ರ ಮೇಲಿಟ್ಟು, “ಇದು ಯಾವ ನೈಟ್ರೇಟ್?” ಎಂದು ಕೇಳಿದರು.

ನೈಟ್ರೇಟಿನಲ್ಲಿ ಜಾತಿ ಬೇರೆ ಇದೆಯೇ ಎಂದು ಬಾಯಿಗೆ ಬಂದ ಮಾತನ್ನು ಪುಣ್ಯಕ್ಕೆ ನುಂಗಿಕೊಂಡೆ. ಇದೆ.

ಅಂತರ್ಜಲದ ಸಮೀಕ್ಷೆ ನನ್ನ ಕೆಲಸ. ದೊಡ್ಡಬಳ್ಳಾಪುರದ ಕಡೆ ಒಬ್ಬರು ಜಮೀನನ್ನು ಒಂದೊಂದು ಎಕರೆಯಾಗಿ ತುಂಡರಿಸಿ ತೋಟದ ಮನೆಗಳಿಗೆ ಮಾರಲು ಹೊರಟಿದ್ದರು. ಒಳಚರಂಡಿ ಇಲ್ಲ. ಮನೆಗೊಂದು ಸೆಪ್ಟಿಕ್ ಟ್ಯಾಂಕ್, ಅದರಾಚೆ ಇಂಗುಗುಂಡಿ, ಕುಡಿಯುವುದಕ್ಕೆ ಅದೇ ನೆಲದ ಬೋರ್‌ವೆಲ್. ಮೇಲೆ ಬಿಟ್ಟದ್ದನ್ನೇ ಕೆಳಗಿನಿಂದ ಎತ್ತಿ ಕುಡಿಯುವ ಏರ್ಪಾಡು. ಹಾಗೆ ಕುಡಿದರೆ ಏನಾದೀತು ಎಂದು ಮೊದಲೇ ಲೆಕ್ಕ ಹಾಕಿ ಹೇಳಬೇಕಿತ್ತು.

ಜಮೀನಿನ ಎಂಜಿನಿಯರ್ ತಮ್ಮ ಹಳೆಯ ಮನೆಯ ಸೆಪ್ಟಿಕ್ ಟ್ಯಾಂಕಿನ ನೀರನ್ನೇ ಪರೀಕ್ಷೆ ಮಾಡಿಸಿ ತಂದಿದ್ದರು. “ನೋಡಿ ಸರ್, ನೈಟ್ರೇಟ್ ಹೆಚ್ಚುಕಡಿಮೆ ಸೊನ್ನೆ. ಇನ್ನೇನು ಸಮೀಕ್ಷೆ?” ಅವರ ಕಾಗದ ಸುಳ್ಳಲ್ಲ. ಟ್ಯಾಂಕಿನೊಳಗೆ ಗಾಳಿ ಇಲ್ಲ, ಅಲ್ಲಿ ಸಾರಜನಕ ಬಹುಪಾಲು ಅಮೋನಿಯಂ ರೂಪದಲ್ಲೇ ಇರುತ್ತದೆ. ಆ ನೀರು ಇಂಗುಗುಂಡಿಯಿಂದಾಚೆ ಗಾಳಿಯಾಡುವ ಮಣ್ಣಿಗೆ ಇಳಿದ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ರೋಗಾಣುಗಳನ್ನು ಮಣ್ಣು ಬಹುಮಟ್ಟಿಗೆ ಸೋಸಿ ಹಿಡಿದೀತು, ನೈಟ್ರೇಟನ್ನು ಹಿಡಿಯುವುದಿಲ್ಲ. ನೀರು ಹೋದಲ್ಲಿಗೆ ಅದೂ ಹೋಗುತ್ತದೆ.

ಲೆಕ್ಕಕ್ಕೆ ನಾನು ಆಧಾರ ಮಾಡಿಕೊಂಡಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ 1996ರ ಮಾರ್ಗಸೂಚಿ. ಒಂದು ಮನೆಯಿಂದ ದಿನಕ್ಕೆ 40 ಗ್ರಾಂ ಸಾರಜನಕ, ಜಮೀನಿನ ಗಡಿಯಲ್ಲಿ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಅದು. ತಲೆಗೆ 10 ಗ್ರಾಂ ಸಾರಜನಕದಂತೆ ನಮ್ಮ ನಾಲ್ಕು ಜನರ ಮನೆಗೂ 40 ಗ್ರಾಂ ಬಂದಾಗ ನನಗೆ ಇಲ್ಲದ ಧೈರ್ಯ ಬಂತು. ವರ್ಷಕ್ಕೆ 14.6 ಕಿಲೊ. ಅರ್ಧದಷ್ಟು ದಾರಿಯಲ್ಲೇ ಅನಿಲವಾಗಿ ಹೋಗುತ್ತದೆ ಎಂದು ಧಾರಾಳವಾಗಿ ಬಿಟ್ಟುಕೊಟ್ಟೆ. ಒಂಟಾರಿಯೊದವರು ಇಷ್ಟು ಉದಾರಿಗಳಲ್ಲ, ಮಳೆನೀರು ಬೆರೆತು ತಿಳಿಯಾಗುವುದನ್ನು ಬಿಟ್ಟು ಮನೆಗಳ ವಿಷಯದಲ್ಲಿ ಬೇರೆ ರಿಯಾಯಿತಿ ಕೊಡುವುದಿಲ್ಲ.

ಇನ್ನು ನೀರು. ವರ್ಷಕ್ಕೆ 800 ಮಿಲಿಮೀಟರ್ ಮಳೆ ಹಿಡಿದೆ. ನಮ್ಮ ಗಟ್ಟಿಶಿಲೆಯ ನೆಲದಲ್ಲಿ ಅದರ ಹತ್ತನೇ ಒಂದು ಪಾಲು ಕೆಳಗಿಳಿದರೆ ದೊಡ್ಡದು. ಒಂದು ಎಕರೆಗೆ 3,24,000 ಲೀಟರ್ ಆಯಿತು. ತಲೆಗೆ ದಿನಕ್ಕೆ ನೂರು ಲೀಟರಿನಂತೆ ಮನೆಯ ಕೊಳೆನೀರು 1,46,000. ಎರಡೂ ಸೇರಿದ 4,70,000 ಲೀಟರಿಗೆ 7.3 ಕಿಲೊ ಸಾರಜನಕ ಹಂಚಿದರೆ ಲೀಟರಿಗೆ 15.5 ಮಿಲಿಗ್ರಾಂ.

ಇಲ್ಲಿಯವರೆಗೆ ಎಲ್ಲವೂ ಸರಿ. ಆಮೇಲೆ, ಕೆನಡಾದ ಮಿತಿ ನಮಗೇಕೆ ಎಂದು 10ನ್ನು ಅಳಿಸಿ, ನಮ್ಮ ಕುಡಿಯುವ ನೀರಿನ ಐಎಸ್ 10500 ಮಾನಕದ 45ನ್ನು ಬರೆದೆ. ಆ 10 ಇರುವುದು ಸಾರಜನಕದ ತೂಕದಲ್ಲಿ, ನಮ್ಮ 45 ಇರುವುದು ಆಮ್ಲಜನಕವೂ ಸೇರಿದ ಇಡೀ ನೈಟ್ರೇಟಿನ ತೂಕದಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗಲು 4.43ರಿಂದ ಗುಣಿಸಬೇಕು. ಗುಣಿಸಿದರೆ 10 ಎಂಬುದು 44.3, ಅಂದರೆ ಎರಡು ದೇಶಗಳ ಮಿತಿಯೂ ಹೆಚ್ಚುಕಡಿಮೆ ಒಂದೇ. ನನ್ನ 15.5 ಮಾತ್ರ 69 ಆಗುತ್ತದೆ.

ಪಿಯುಸಿಯ ರಸಾಯನಶಾಸ್ತ್ರ ಇದು. ಬೇಸರ ತಂದದ್ದು ಗುಣಾಕಾರ ಮರೆತದ್ದಲ್ಲ. ತಪ್ಪಾಗಿದೆ ಎಂದು ನೆಲ ಮೊದಲೇ ಹೇಳಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ.

ಜಮೀನಿಗೆ ಹೊಂದಿಕೊಂಡು ಒಂದು ಹಳೆಯ ಮನೆ ಇದೆ. ಅಲ್ಲಿನ ಅಜ್ಜ ಇಂಗುಗುಂಡಿಯ ಚಪ್ಪಡಿಯ ಮೇಲೆ ರಾಗಿ ಒಣಹಾಕಿದ್ದರು. “ಹದಿನಾರು ವರ್ಷವಾಯಿತು ಸ್ವಾಮಿ, ಒಂದು ದಿನವೂ ಟ್ಯಾಂಕರ್ ಕರೆಸಿಲ್ಲ. ಅಷ್ಟು ಒಳ್ಳೆಯ ಗುಂಡಿ” ಎಂದು ಕಾಲಿನಿಂದ ಚಪ್ಪಡಿಯನ್ನು ತಟ್ಟಿ ತೋರಿಸಿದರು. ತುಂಬದ ಗುಂಡಿ ಎಂದರೆ ಹಳ್ಳಿಯಲ್ಲಿ ಮೆಚ್ಚುಗೆ. ನಮ್ಮ ಕಸುಬಿನಲ್ಲಿ ಅದರ ಅರ್ಥ, ತುಂಬಬೇಕಾದದ್ದು ಬೇರೆಲ್ಲೋ ಹೋಗುತ್ತಿದೆ ಎಂದು. ಅವರ ಬೋರ್‌ವೆಲ್ ನೀರಿನ ವರದಿಯಲ್ಲಿ ನೈಟ್ರೇಟ್ 71 ಬಂದಿತ್ತು.

ನನ್ನ 15.5 ಎಲ್ಲಿ, ಈ 71 ಎಲ್ಲಿ? ಅಂಗಳದ ಮೂಲೆಯಲ್ಲಿ ತಿಪ್ಪೆ ಇತ್ತಲ್ಲ, ಅದರ ತಲೆಗೆ ಕಟ್ಟಿದೆ. ‘ಹೆಚ್ಚುವರಿ ನೈಟ್ರೇಟಿಗೆ ಸಗಣಿ ಗೊಬ್ಬರದ ರಾಶಿಯೇ ಮುಖ್ಯ ಕಾರಣ’ ಎಂದು ಎಂಟು ಸಾಲಿನ ಒಂದು ಪ್ಯಾರಾವನ್ನೇ ಬರೆದಿದ್ದೆ. ಒಳ್ಳೆಯ ಭಾಷೆಯಲ್ಲಿ ಬರೆದಿದ್ದೆ ಎಂಬುದು ಇನ್ನೂ ಕೆಟ್ಟದ್ದು.

ತಿದ್ದಿದ ಮೇಲೆ 69 ಮತ್ತು 71 ಅಕ್ಕಪಕ್ಕ ಕಂಡಾಗ ಹಿಗ್ಗಿದೆ. ಮೇಡಂ ಅದಕ್ಕೂ ಬಿಡಲಿಲ್ಲ. “ಹೊಂದಿತು ಎಂದು ಕುಣಿಯಬೇಡಿ. ತಿಪ್ಪೆಯೂ ಅಲ್ಲೇ ಇದೆ, ಬೋರ್‌ವೆಲ್ಲಿನ ಕೇಸಿಂಗ್ ಪೈಪ್ ಗಟ್ಟಿಬಂಡೆಯವರೆಗೆ ಇಳಿದಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ” ಎಂದರು. ನಿಜ. ಮೇಲ್ಪದರದ ನೀರು ಪೈಪಿನ ಹೊರಗಿನ ಸಂದಿಯಿಂದ ನೇರವಾಗಿ ಇಳಿಯುತ್ತಿದ್ದರೆ ನನ್ನ ಎಕರೆ, ಮಳೆ, ಹಂಚಿಕೆ ಯಾವುದೂ ಅಲ್ಲಿ ನಡೆಯುವುದಿಲ್ಲ. ಮತ್ತೆ ಹೋಗಿ ಸುತ್ತಲಿನ ಆರು ಬೋರ್‌ವೆಲ್ಲುಗಳ ನೀರು ತಂದೆವು. ಈ ಸಲ, ಉಪ್ಪಿನಿಂದಾಗಿ ಮನೆಯ ಕೊಳೆನೀರಿನಲ್ಲಿ ಬರುವ ಕ್ಲೋರೈಡನ್ನೂ ನೋಡಿಸಿದೆವು. ಮನೆಗಳ ಹತ್ತಿರ ಎರಡೂ ಒಟ್ಟಿಗೇ ಏರಿದ್ದವು, ಹೊಲಗಳ ಕಡೆ ಎರಡೂ ಕಡಿಮೆ. ರಸಗೊಬ್ಬರದ ಮೇಲೆ ಹಾಕಲು ಬಾರದಂತಾಯಿತು.

ಹಾಗೆ ಮತ್ತೆ ಹೋದಾಗ ಅಜ್ಜನ ಸೊಸೆ ಕೇಳಿದ್ದು ಕೂಸಿನ ವಿಷಯ. ನಾಲ್ಕು ತಿಂಗಳ ಕೂಸಿಗೆ ಡಬ್ಬಿಯ ಪುಡಿ ಹಾಲು, ನೀರನ್ನು ಚೆನ್ನಾಗಿ ಕುದಿಸಿಯೇ ಕಲಸುತ್ತೇನೆ ಎಂದರು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ನೈಟ್ರೇಟ್ ಹೆಚ್ಚಾದರೆ ರಕ್ತ ಆಮ್ಲಜನಕ ಹೊರುವುದಕ್ಕೇ ತೊಡಕಾಗುವ ಅಪಾಯ ಹೆಚ್ಚಾಗಿರುವುದು ಆ ವಯಸ್ಸಿನಲ್ಲೇ. ಕೂಸಿಗೆ ಮಾತ್ರ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ, ಆರ್‌ಒ ನೀರು ತನ್ನಿ, ವೈದ್ಯರಿಗೂ ಒಂದು ಮಾತು ಹೇಳಿ ಎಂದೆ. ವರದಿಯ ಭಾಷೆ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ತಿದ್ದಿದ ವರದಿ ಹೋಯಿತು: ಮನೆಗೊಂದು ಗುಂಡಿ ಬೇಡ, ಎಲ್ಲ ಮನೆಗಳಿಗೂ ಸೇರಿಸಿ ಸಾರಜನಕ ತೆಗೆಯುವ ಶುದ್ಧೀಕರಣ ಘಟಕ ಕಟ್ಟಿ, ಇಲ್ಲವೇ ಮನೆಗಳ ಸಂಖ್ಯೆ ಇಳಿಸಿ. ಮಾಲೀಕರು ಸಂಜೆಯೇ ಫೋನ್ ಮಾಡಿದರು. ಸಿಟ್ಟಿರಲಿಲ್ಲ, ದನಿ ತಗ್ಗಿತ್ತು. ಅವರಿಗೆ ಅದೇ ರಸ್ತೆಯಲ್ಲಿ ಇನ್ನೊಂದು ಬಡಾವಣೆ ಇದೆಯಂತೆ, ಹತ್ತು ಹತ್ತು ಗುಂಟೆಯ ನಿವೇಶನಗಳು, ಆಗಲೇ ಮಾರಾಟವಾಗಿ ಜನ ವಾಸಕ್ಕೂ ಬಂದಿದ್ದಾರೆ. “ಒಂದು ಎಕರೆಗೇ 69 ಎಂದರೆ, ಅಲ್ಲಿ ಎಷ್ಟು ಬರುತ್ತದೆ ಸರ್?”

ಲೈನಿನಲ್ಲೇ ಇರಿ ಎಂದು ಹೇಳಿ ಗುಣಿಸಿದೆ. 142. ಇಡೀ ನೈಟ್ರೇಟಿನ ಲೆಕ್ಕದಲ್ಲಿ, ಎಂದು ಸೇರಿಸಿದೆ.