ಗಾಡಿ ಇಳಿಯದೇ ಕುಡಿಯುವ ಕಾಫಿ

ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ನಮ್ಮ ರಾಜ್ಯದಲ್ಲೇ. ಆದರೂ ಬೆಳಗಾವಿ ಕಡೆ ಚಹಾನೇ ಜಾಸ್ತಿ. ಅದಕ್ಕೇ ಖಾನಾಪುರ ರಸ್ತೆಯ ಅಕ್ಕನ ಕಾಫಿ ಗಾಡಿ ನನಗೆ ಅಷ್ಟು ಇಷ್ಟ.

ಮಳೆಗಾಲದಲ್ಲಿ ರೇನ್‌ಕೋಟ್ ಹಾಕಿಕೊಂಡು ಬೈಕ್ ಮೇಲೆ ಕೂತೇ ಕುಡಿಯುತ್ತೇನೆ. ನನ್ನ ಬೈಕಿನ ಸದ್ದು ಕೇಳಿದರೆ ಸಾಕು, ಅಕ್ಕ ಫಿಲ್ಟರ್ ಮುಚ್ಚಳ ತೆಗೆಯುತ್ತಾರೆ. "ಸಕ್ಕರಿ ಕಡಿಮಿ, ಹೌದಲ್ರೀ?" ಎಂದು ಕೇಳುವಷ್ಟರಲ್ಲಿ ಲೋಟ ಕೈಯಲ್ಲಿರುತ್ತದೆ. ಡಿಕಾಕ್ಷನ್ ಗಟ್ಟಿ, ಚಿಕೋರಿ ಸ್ವಲ್ಪವೇ, ಹಾಲು ಎಮ್ಮೆಯದು.

ಮೂರು ತಿಂಗಳ ಹಿಂದೆ ಅದೇ ರಸ್ತೆಯಲ್ಲಿ ದೊಡ್ಡ ಕಂಪನಿಯ ಕಾಫಿ ಅಂಗಡಿ ಬಂತು. ಕಾರಿನಿಂದ ಇಳಿಯುವುದೇ ಬೇಡ, ಕಿಟಕಿಯಲ್ಲೇ ಕೊಡುತ್ತಾರೆ. ನಾನೂ ಒಮ್ಮೆ ಹೋದೆ. ಸುಳ್ಳು ಹೇಳಲ್ಲ, ಕಾಫಿ ಚೆನ್ನಾಗಿತ್ತು. 240 ರೂಪಾಯಿ ಮಾತ್ರ ಮನಸ್ಸಿಗೆ ಚುಚ್ಚಿತು. ಆ ವಾರ ಅಕ್ಕನಿಗೆ ದಿನಾ ಒಂದೂವರೆ ಲೀಟರ್ ಹಾಲು ಉಳಿಯುತ್ತಿತ್ತು. ನೋಡಿ ನನಗೆ ಊಟ ಸೇರಲಿಲ್ಲ.

ಈಗ ಅಕ್ಕ ಬೆಳಗಿನ ಐದಕ್ಕೇ ಒಲೆ ಹಚ್ಚುತ್ತಾರೆ. ದೊಡ್ಡ ಅಂಗಡಿ ತೆರೆಯುವುದು ಒಂಬತ್ತಕ್ಕೆ. ಅಷ್ಟರಲ್ಲಿ ಪೇಪರ್ ಹುಡುಗರು, ತರಕಾರಿ ಟೆಂಪೋದವರು, ಬಸ್ ಕಂಡಕ್ಟರ್‌ಗಳು ಎಲ್ಲರದೂ ಮುಗಿದಿರುತ್ತದೆ.

ನನಗಿರುವ ಭಯ ಬೇರೆ: ಗಾಡಿ ಎತ್ತಿಸಿಬಿಟ್ಟರೆ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಎಬ್ಬಿಸುವ ಮೊದಲು 30 ದಿನದ ನೋಟಿಸ್ ಕೊಡಬೇಕು. ವ್ಯಾಪಾರದ ಪ್ರಮಾಣಪತ್ರ ಕೈಯಲ್ಲಿದ್ದರೆ ಧೈರ್ಯ, ಅಲ್ವಾ? ಅಕ್ಕನ ಹತ್ತಿರ ಇನ್ನೂ ಇಲ್ಲ. ಸೋಮವಾರ ರಜೆ ಹಾಕಿದ್ದೇನೆ, ಅವರ ಜೊತೆ ಪಾಲಿಕೆಗೆ ಹೋಗಿ ಅರ್ಜಿ ಕೊಡುತ್ತೇನೆ.