ದ್ವೀಪದಲ್ಲಿ ಊಟಕ್ಕೇನು, ಹೊತ್ತು ಹೋಗುವುದು ಹೇಗೆ?

ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಅಂಡಮಾನಿನ ಒಂದೇ ದ್ವೀಪದಲ್ಲಿ ರಜೆಯನ್ನೆಲ್ಲ ಕಳೆಯುತ್ತೀರಲ್ಲ, ಅಲ್ಲಿ ಊಟಕ್ಕೇನು ಮಾಡುತ್ತೀರಿ, ಹೊತ್ತು ಹೇಗೆ ಹೋಗುತ್ತದೆ ಎಂದು ಬೆಂಗಳೂರಿನ ಬಂಧುಗಳೂ ಕಚೇರಿಯ ಗೆಳೆಯರೂ ನನ್ನನ್ನು ಆಗಾಗ ಕೇಳುತ್ತಾರೆ. ಊಟದ ಹೊತ್ತನ್ನು ಅಲ್ಲಿನ ಬಿಸಿಲಿಗೆ ತಕ್ಕಂತೆ ಬದಲಿಸಿಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ ಎಂಬುದು ನನ್ನ ಉತ್ತರ.

ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಆದರೆ ಗಡಿಯಾರ ಇಡೀ ದೇಶಕ್ಕೆ ಒಂದೇ. ಹೀಗಾಗಿ ಅಲ್ಲಿ ಇಲ್ಲಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮೊದಲೇ ಬೆಳಗಾಗಿ, ಮೊದಲೇ ಕತ್ತಲಾಗುತ್ತದೆ. ಡಿಸೆಂಬರ್‌ನಲ್ಲಂತೂ ಸಂಜೆ 5ರ ಸುಮಾರಿಗೇ ಸೂರ್ಯಾಸ್ತ. ನಮ್ಮ ರೂಢಿಯಂತೆ 9ಕ್ಕೆ ತಿಂಡಿ, 2ಕ್ಕೆ ಊಟ, ಆಮೇಲೊಂದು ನಿದ್ದೆ ಎಂದು ಹೊರಟರೆ, ಎದ್ದು ಕಾಫಿ ಮುಗಿಸುವಷ್ಟರಲ್ಲಿ ಕಡಲಿನ ಮೇಲೆ ಕತ್ತಲು ಕವಿದಿರುತ್ತದೆ. ನಾವು ಬೆಳಕು ಹರಿಯುತ್ತಲೇ ನೀರಿಗಿಳಿದು, 7ಕ್ಕೆ ತಿಂಡಿ ತಿಂದು, 12ರೊಳಗೆ ಊಟ ಮುಗಿಸಿ, ಬಿಸಿಲು ಕಡುವಾದಾಗ ಮಲಗಿಬಿಡುತ್ತೇವೆ. 3ರ ಹೊತ್ತಿಗೆ ಸ್ವರಾಜ್ ದ್ವೀಪದ, ಅಂದರೆ 2018ರವರೆಗೆ ಹ್ಯಾವ್‌ಲಾಕ್ ಎನಿಸಿಕೊಂಡಿದ್ದ ದ್ವೀಪದ, ರಾಧಾನಗರ ಕಡಲತೀರದಲ್ಲಿ ಕುಳಿತಿದ್ದರೆ ಸೂರ್ಯಾಸ್ತದವರೆಗೂ ಯಾವ ಅವಸರವೂ ಇರುವುದಿಲ್ಲ. ಉಬ್ಬರವಿಳಿತದ ವೇಳೆಯನ್ನು ಹಿಂದಿನ ದಿನವೇ ಹೋಟೆಲಿನವರಿಂದ ಕೇಳಿಟ್ಟುಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಪಕ್ಕದ ಶಹೀದ್ ದ್ವೀಪದ ಭರತಪುರ ತೀರದಲ್ಲಿ ಇಳಿತದ ಹೊತ್ತಿಗೆ ಹವಳದ ಕಲ್ಲುಗಳು ಮೇಲೇಳುವುದರಿಂದ ಮಕ್ಕಳನ್ನು ನೀರಿಗೆ ಬಿಡುವಂತಿಲ್ಲ.

ಇನ್ನು ಊಟ. ಈ ದ್ವೀಪಗಳ ಬಹಳಷ್ಟು ಜನರು ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳವರು. ಆದ್ದರಿಂದ ನಾನು ರೆಸಾರ್ಟಿನ ಬಫೆಯನ್ನು ಬಿಟ್ಟು ಮಾರುಕಟ್ಟೆಯ ಪಕ್ಕದ ಸಣ್ಣ ಬಂಗಾಳಿ ಹೋಟೆಲಿಗೇ ಹೋಗುತ್ತೇನೆ. ಅಲ್ಲಿ ಸಾಸಿವೆ ಎಣ್ಣೆಯನ್ನು ಹಸಿ ಘಾಟು ಹೋಗುವವರೆಗೆ ಹೊಗೆಯಾಡಿಸಿ, ಅರಿಶಿನ ಮತ್ತು ಉಪ್ಪು ಸವರಿದ ಮೀನಿನ ತುಂಡನ್ನು ಮೊದಲು ಹುರಿದು, ಬಳಿಕವಷ್ಟೇ ತೆಳ್ಳನೆಯ ಸಾರಿಗೆ ಹಾಕುತ್ತಾರೆ. ತೆಂಗಿನಕಾಯಿ ಅರೆದು ಹಾಕಿದ ನಮ್ಮ ಕರಾವಳಿಯ ಗಸಿಗಿಂತ ಅದು ಎಷ್ಟೋ ಹಗುರ. ಮಧ್ಯಾಹ್ನದ ಸೆಕೆಯಲ್ಲಿ ಬಿಸಿ ಅನ್ನದೊಡನೆ ಆ ಸಾರನ್ನು ಉಂಡವರಿಗೆ ನಿದ್ದೆಯನ್ನು ಕರೆಯಬೇಕಾಗಿಲ್ಲ.

ನಮ್ಮ ಅತ್ತೆಯವರು ಮೀನು, ಮಾಂಸ ಬಿಟ್ಟು ಬಹಳ ವರ್ಷಗಳಾದವು. ಅವರ ಊಟಕ್ಕೂ ತೊಂದರೆಯಾಗಿಲ್ಲ. ಶಹೀದ್ ದ್ವೀಪ ತರಕಾರಿ ಬೆಳೆಗೆ ಹೆಸರಾದದ್ದು. ಅನ್ನ, ಬೇಳೆ, ಹುರಿದ ಬದನೆಕಾಯಿ ಸುಲಭವಾಗಿ ಸಿಗುತ್ತವೆ. ಮೀನು ಹುರಿದ ಬಾಣಲೆಯಲ್ಲಿ ಬದನೆ ಹುರಿಯಬೇಡಿ ಎಂದು ಮೊದಲೇ ಹೇಳಿದರೆ ಅಡುಗೆಯವರು ಪ್ರೀತಿಯಿಂದ ಬೇರೆ ಎಣ್ಣೆ ಇಡುತ್ತಾರೆ. ನಾನು ಮನೆಯಿಂದ ಒಯ್ಯುವುದು ಚಟ್ನಿಪುಡಿ ಮತ್ತು ನಿಂಬೆಯ ಉಪ್ಪಿನಕಾಯಿ ಮಾತ್ರ. ರಾತ್ರಿ ಅವರಿಗೆ ಮೊಸರನ್ನದ ಜೊತೆಗೆ ಅಷ್ಟಿದ್ದರೆ ಸಾಕು.

ದ್ವೀಪದಿಂದ ದ್ವೀಪಕ್ಕೆ ಹಡಗಿನಲ್ಲಿ ಹೋಗುವ ದಿನ ಮಾತ್ರ ಮಕ್ಕಳಿಗೆ ಹೊಟ್ಟೆ ಬಿರಿಯುವಂತೆ ತಿನ್ನಿಸಬೇಡಿ, ಖಾಲಿ ಹೊಟ್ಟೆಯಲ್ಲೂ ಹತ್ತಿಸಬೇಡಿ. ಬಾಳೆಹಣ್ಣು, ಒಣ ಬ್ರೆಡ್ಡು ತಿನ್ನಿಸಿ. ಎಳನೀರನ್ನು ದಡ ಸೇರಿದ ಮೇಲೆ ಕೊಡಿಸಿ.