ಠೇಕಾ ಇಲ್ಲದ ಮೂವರು: ಜಿಮ್ಮಿ ಜುಫ್ರಿ ಅವರ ತ್ರಿವಳಿಗಳು

ಧಾರವಾಡದ ಬೈಠಕ್‌ಗಳಲ್ಲಿ ಕೇಳಿ ರೂಢಿಯಾದ ಕಿವಿಗೆ ವೇದಿಕೆಯ ಮೇಲಿನ ಪ್ರತಿಯೊಬ್ಬರ ಕೆಲಸವೂ ಮೊದಲೇ ತಿಳಿದಿರುತ್ತದೆ. ತಂಬೂರಿ ಷಡ್ಜವನ್ನು ಕಾಯುತ್ತದೆ, ತಬಲಾ ಠೇಕಾ (ತಾಳದ ನಿಗದಿತ ಬೋಲುಗಳ ಆವರ್ತನ) ಹಿಡಿದು ಸಮ್ (ಆವರ್ತನದ ಮೊದಲ ಮಾತ್ರೆ) ತೋರಿಸುತ್ತದೆ, ಹಾರ್ಮೋನಿಯಂ ಗಾಯಕರ ಬೆನ್ನಿಗೇ ನಡೆಯುತ್ತದೆ. ಈ ಭದ್ರತೆ ಇರುವುದರಿಂದಲೇ ಗಾಯಕರು ದೂರ ಹೋಗಿ ಧೈರ್ಯವಾಗಿ ಮರಳಬಲ್ಲರು. ಜಾಜ್ ಸಂಗೀತದಲ್ಲಿ ಅಂಥ ಆಧಾರವನ್ನು ಒದಗಿಸುವವು ಡ್ರಮ್ಸ್ ಮತ್ತು ಕೆಳಸ್ವರಗಳ ದೊಡ್ಡ ತಂತಿವಾದ್ಯವಾದ ಡಬಲ್ ಬೇಸ್. ಅಮೆರಿಕದ ಜಾಜ್ ವಾದಕ ಜಿಮ್ಮಿ ಜುಫ್ರಿ (1921–2008) 1958ರ ತಮ್ಮ ತ್ರಿವಳಿಯಲ್ಲಿ, ಅಂದರೆ ಮೂವರ ತಂಡದಲ್ಲಿ, ಅವೆರಡನ್ನೂ ಕೈಬಿಟ್ಟರು. ಉಳಿದದ್ದು ಅವರ ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್, ಬಾಬ್ ಬ್ರುಕ್‌ಮೇಯರ್ ಅವರ ವಾಲ್ವ್ ಟ್ರೊಂಬೋನ್ (ಊದುವ ಹಿತ್ತಾಳೆ ವಾದ್ಯ), ಜಿಮ್ ಹಾಲ್ ಅವರ ಗಿಟಾರ್.

ಇಲ್ಲಿ ಲಯ ಇಲ್ಲವೆಂದಲ್ಲ. ಅದನ್ನು ಹಿಡಿದಿಡುವ ಹೊಣೆ ಮೂವರಿಗೂ ಸೇರಿದೆ. ಗಿಟಾರ್ ಒಂದು ಕ್ಷಣ ಕೆಳಗಿನ ತಂತಿಗಳಲ್ಲಿ ಬೇಸ್‌ನ ಕೆಲಸ ಮಾಡಿ, ಮರುಕ್ಷಣವೇ ಅದನ್ನು ಟ್ರೊಂಬೋನ್‌ಗೆ ಒಪ್ಪಿಸಿ ತಾನು ಮುಖ್ಯ ಧಾಟಿಗೆ ಇಳಿಯುತ್ತದೆ. ಹಲವರು ಏಕಕಾಲದಲ್ಲಿ ಮನೋಧರ್ಮದಿಂದ ನುಡಿಸುವ ಪದ್ಧತಿ ನ್ಯೂ ಆರ್ಲಿಯನ್ಸಿನ ಆರಂಭದ ತಂಡಗಳಲ್ಲೇ ಇತ್ತು. ಆದರೆ ಅಲ್ಲಿ ತಾಳದ ವಾದ್ಯಗಳು ಕೆಳಗೆ ಗಟ್ಟಿಯಾಗಿ ನಿಂತಿರುತ್ತಿದ್ದವು.

ನಮ್ಮ ಜುಗಲ್‌ಬಂದಿಯನ್ನು ಇದಕ್ಕೆ ಹೋಲಿಸುವ ಮನಸ್ಸಾಗುತ್ತದೆಯಾದರೂ, ಅಲ್ಲಿ ಬಹುಮಟ್ಟಿಗೆ ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರ ಸರದಿ, ತಬಲಾ ಅಂತೂ ಇದ್ದೇ ಇರುತ್ತದೆ. ನನಗೆ ಇನ್ನೂ ಹತ್ತಿರವೆನಿಸುವುದು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಗಾಯನಕ್ಕೆ ಮಗಳು ಕೃಷ್ಣಾ ಹಾನಗಲ್ ನೀಡುತ್ತಿದ್ದ ಸಹಗಾಯನ: ತಾಯಿ ಬಿಟ್ಟ ಸ್ವರವನ್ನು ಮಗಳು ಎತ್ತಿಕೊಳ್ಳುವಾಗ, ಆ ಆಲಾಪ ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಇಬ್ಬರಿಗೂ ದಾರಿ ತೋರಲು ರಾಗವಿತ್ತು, ಮುಂದಾಳು ಯಾರೆಂಬುದೂ ನಿಶ್ಚಿತವಾಗಿತ್ತು. ಜುಫ್ರಿ ಆ ನಿಶ್ಚಿತತೆಯನ್ನೂ ಕ್ರಮೇಣ ಕಳಚುತ್ತಾ ಹೋದರು.

1961ರಲ್ಲಿ ಅವರು ಪಿಯಾನೊದ ಪಾಲ್ ಬ್ಲೇ ಮತ್ತು ಬೇಸ್‌ನ ಸ್ಟೀವ್ ಸ್ವಾಲೋ ಅವರೊಂದಿಗೆ ಕಟ್ಟಿದ ತ್ರಿವಳಿಯಲ್ಲಿ ಬೇಸ್ ಮರಳಿತು, ಆದರೆ ಡ್ರಮ್ಸ್ ಮರಳಲಿಲ್ಲ. ಸ್ವಾಲೋ ಅವರಿಗೆ ಆಗಿನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸು. ಈ ತಂಡದ ಧ್ವನಿಮುದ್ರಣಗಳಲ್ಲಿ ಬೇಸ್ ತಾಳಕ್ಕೆ ಕಟ್ಟುಬಿದ್ದ ಕಾವಲುಗಾರನಲ್ಲ, ಕ್ಲಾರಿನೆಟ್‌ನ ಸಮಾನ ಮಾತುಗಾರ. ಪಿಯಾನೊ ಎಷ್ಟೋ ಹೊತ್ತು ಸುಮ್ಮನಿದ್ದು ಎರಡೇ ಸ್ವರಗಳಿಂದ ಇಡೀ ದಿಕ್ಕನ್ನು ಬದಲಿಸುತ್ತದೆ. ಆ ಕಾಲದ ಸ್ವತಂತ್ರ ಜಾಜ್ (ನಿಗದಿತ ತಾಳ, ಸ್ವರಕ್ರಮಗಳ ಕಟ್ಟು ಬಿಟ್ಟ 'ಫ್ರೀ ಜಾಜ್') ಎಂದರೆ ಅಬ್ಬರವೆಂಬ ನಂಬಿಕೆ ಬಲವಾಗಿದ್ದಾಗ, ಇವರು ಪಿಸುದನಿಯಲ್ಲಿಯೇ ಅಷ್ಟೇ ಸ್ವಾತಂತ್ರ್ಯ ಪಡೆದರೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೇಳುಗರು ಮಾತ್ರ ಸಿಗಲಿಲ್ಲ. 1962ರಲ್ಲಿ ಕೊಲಂಬಿಯಾ ಕಂಪನಿಗಾಗಿ ಮುದ್ರಿಸಿದ 'ಫ್ರೀ ಫಾಲ್' ಧ್ವನಿಮುದ್ರಿಕೆ ಮಾರಾಟವಾಗಲಿಲ್ಲ, ನ್ಯೂಯಾರ್ಕಿನ ಕಾಫಿ ಅಂಗಡಿಯೊಂದರಲ್ಲಿ ನುಡಿಸಿದ ರಾತ್ರಿ ತಲಾ 35 ಸೆಂಟ್ ಕೈಗೆ ಬಂದಾಗ ಮೂವರೂ ತಂಡವನ್ನು ನಿಲ್ಲಿಸಿದರು. 1961ರ ಎರಡು ಧ್ವನಿಮುದ್ರಿಕೆಗಳನ್ನು ಜರ್ಮನಿಯ ಧ್ವನಿಮುದ್ರಣ ಸಂಸ್ಥೆ ಇಸಿಎಂ 1992ರಲ್ಲಿ ಮತ್ತೆ ಹೊರತಂದಾಗ ಹೊಸ ಪೀಳಿಗೆ ಇವರನ್ನು ಕೇಳಿತು.

ಖಯಾಲ್ ಕೇಳಿ ಬೆಳೆದ ಗೆಳೆಯರು 1958ರ ತ್ರಿವಳಿಯಿಂದ ಆರಂಭಿಸುವುದು ಒಳ್ಳೆಯದು. ಮೊದಲ ಸಲ ಕ್ಲಾರಿನೆಟ್‌ನ ಹಿಂದೆ ಹೋಗದೆ ಹಾಲ್ ಅವರ ಗಿಟಾರ್ ಒಂದನ್ನೇ ಕೇಳಬೇಕು; ಅದು ಎಲ್ಲಿ ಸುಮ್ಮನಾಗುತ್ತದೆ, ಆಗ ಉಳಿದಿಬ್ಬರಲ್ಲಿ ಲಯವನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬುದು ಎರಡನೆಯ ಸಲಕ್ಕೆ ತಾನಾಗಿ ಕೇಳಿಸತೊಡಗುತ್ತದೆ.